ಪ್ಲೇಟಿಂಗ್, ಫಾಸ್ಫೇಟಿಂಗ್, ಪೌಡರ್ ಕೋಟಿಂಗ್: ಬೆಳಗಾವಿಯ ವರ್ಕ್‌ಶಾಪ್‌ಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳಿಂದ ಹೊರಡುವ ಬಿಡಿಭಾಗಗಳಲ್ಲಿ ಬಹಳಷ್ಟು, ಪ್ಯಾಕಿಂಗ್‌ಗೆ ಮುಂಚೆ ಯಾವುದಾದರೊಂದು ಲೇಪನದ ಟ್ಯಾಂಕು ದಾಟಿಯೇ ಹೋಗಬೇಕು. ಮಷಿನಿಂಗ್‌ನಲ್ಲಿ ತಪ್ಪಾದರೆ ಗೇಜ್ ಹಾಕಿದ ಕೂಡಲೇ ಗೊತ್ತಾಗುತ್ತದೆ. ಲೇಪನದ ತಪ್ಪು ಹಾಗಲ್ಲ. ಫಳಫಳ ಹೊಳೆಯುತ್ತ ಹೋದ ಭಾಗ ಮೂರು ವಾರದ ಮೇಲೆ ಗಿರಾಕಿಯ ಗೋದಾಮಿನಲ್ಲಿ ಬೆಳ್ಳಗೆ ಪುಡಿಗಟ್ಟಿ, ರಿಜೆಕ್ಷನ್ ಚೀಟಿ ಕಟ್ಟಿಸಿಕೊಂಡು ವಾಪಸ್ ಬರುತ್ತದೆ. ಆಗ ಎಲ್ಲರ ಬೈಗುಳ ಕೊನೆಯ ಟ್ಯಾಂಕಿಗೆ. ಆದರೆ ತಪ್ಪು ಹುಟ್ಟಿರುವುದು ಹೆಚ್ಚಾಗಿ ಮೊದಲ ಎರಡು-ಮೂರು ಟ್ಯಾಂಕುಗಳಲ್ಲಿ, ತೊಳೆಯುವ ನೀರಿನಲ್ಲಿ, ಇಲ್ಲವೇ ಎರಕದ ಒಳಗೇ. ಕೆಳಗಿನ ಬಹುತೇಕ ಉತ್ತರಗಳು ಅಲ್ಲಿಗೇ ಬಂದು ನಿಲ್ಲುತ್ತವೆ.

ಝಿಂಕ್ ಪ್ಲೇಟಿಂಗ್ ಅಂದ್ರೂ ಗ್ಯಾಲ್ವನೈಸಿಂಗ್ ಅಂದ್ರೂ ಒಂದೇ ಏನ್ರಿ?

ಎರಡರಲ್ಲೂ ಉಕ್ಕಿನ ಮೇಲೆ ಕೂರುವುದು ಸತುವೇ. ಕೂರುವ ರೀತಿ ಮತ್ತು ದಪ್ಪ ಬೇರೆ. ಗ್ಯಾಲ್ವನೈಸಿಂಗ್‌ನಲ್ಲಿ ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಭಾಗವನ್ನು ಅದ್ದುತ್ತಾರೆ. ಉಕ್ಕಿನ ದಪ್ಪಕ್ಕೆ ತಕ್ಕಂತೆ 45ರಿಂದ 85 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಥವಾ ಅದಕ್ಕೂ ಹೆಚ್ಚು ಕೂರುತ್ತದೆ. ಪ್ಲೇಟಿಂಗ್‌ನಲ್ಲಿ ಕರೆಂಟಿನ ಮೂಲಕ ಕೂರಿಸುವುದರಿಂದ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್. ಎರಡೂ ಕಡೆ ಸತು ತಾನು ಮೊದಲು ಕರಗಿ ಉಕ್ಕನ್ನು ಉಳಿಸುತ್ತದೆ, ಹಾಗಾಗಿ ಬಾಳಿಕೆ ಬಹುಮಟ್ಟಿಗೆ ದಪ್ಪದ ಲೆಕ್ಕ. ಹೊಲದಲ್ಲಿ ಬಿಸಿಲು ಮಳೆಗೆ ನಿಲ್ಲುವ ಕಂಬ, ಸೋಲಾರ್ ಪಂಪಿನ ಸ್ಟ್ಯಾಂಡ್, ತಂತಿಬೇಲಿಯ ಆ್ಯಂಗಲ್ಲಿಗೆ ಗ್ಯಾಲ್ವನೈಸಿಂಗ್. ಆಟೆ (ಥ್ರೆಡ್) ಇರುವ, ಇನ್ನೊಂದರಲ್ಲಿ ಅಳತೆಗೆ ಸರಿಯಾಗಿ ಕೂರಬೇಕಾದ ಭಾಗಕ್ಕೆ ಪ್ಲೇಟಿಂಗ್. ಹೊಲದ ಸ್ಟ್ಯಾಂಡಿಗೆ 8 ಮೈಕ್ರಾನ್ ಪ್ಲೇಟಿಂಗ್ ಮಾಡಿಸಿ ಹತ್ತು ವರ್ಷ ಬರಲಿ ಅಂದರೆ ಬರುವುದಿಲ್ಲ.

ಡಿಗ್ರೀಸಿಂಗ್ ಸರಿ ಆಗೈತೋ ಇಲ್ಲೋ, ಕಣ್ಣಿಂದ ಹೆಂಗ ಗುರುತು ಹಿಡಿಯೋದು?

ಭಾಗವನ್ನು ಟ್ಯಾಂಕಿನಿಂದ ತೆಗೆದು ಸ್ವಚ್ಛ ನೀರಿನಲ್ಲಿ ಅದ್ದಿ, ಮೇಲೆತ್ತಿ, ಅರ್ಧ ನಿಮಿಷ ಓರೆಯಾಗಿ ಹಿಡಿಯಿರಿ. ನೀರು ತೆಳ್ಳನೆಯ ಹಾಳೆಯಂತೆ ಇಡೀ ಮೈಮೇಲೆ ಒಂದೇ ಸಮ ನಿಂತು ನಿಧಾನವಾಗಿ ಕೆಳಗಿಳಿದರೆ ಮೈ ಸ್ವಚ್ಛ. ಎಲ್ಲಾದರೂ ಹಾಳೆ ಹರಿದು, ಕೆಸವಿನ ಎಲೆಯ ಮೇಲಿನಂತೆ ನೀರು ಹನಿಗಟ್ಟಿ ಜಾರಿದರೆ ಅಲ್ಲಿ ಎಣ್ಣೆ ಉಳಿದಿದೆ. ಇದಕ್ಕೆ ಖರ್ಚಿಲ್ಲ, ಉಪಕರಣ ಬೇಡ. ಆದರೂ ದಿನಕ್ಕೊಮ್ಮೆ ಕೂಡ ಮಾಡದ ಶಾಪ್‌ಗಳು ಬಹಳ. ಒಂದು ಎಚ್ಚರ: ಡಿಗ್ರೀಸಿಂಗ್ ದ್ರಾವಣದ ಸೋಪಿನ ಅಂಶ ಮೈಮೇಲೆ ಉಳಿದಿದ್ದರೆ ಎಣ್ಣೆ ಇದ್ದರೂ ನೀರು ಹರಡಿ ನಿಂತು ಮೋಸ ಮಾಡುತ್ತದೆ. ಅದಕ್ಕೇ ಚೆನ್ನಾಗಿ ತೊಳೆದು, ದುರ್ಬಲ ಆಸಿಡ್‌ನಲ್ಲಿ ಒಮ್ಮೆ ಅದ್ದಿ ತೊಳೆದ ಮೇಲೆ ನೋಡಿದ ಫಲಿತಾಂಶವನ್ನೇ ನಂಬಿ.

ಮಾಮೂಲಿ ಕಟಿಂಗ್ ಆಯಿಲ್‌ಗೆ ಲೀಟರಿಗೆ 40ರಿಂದ 60 ಗ್ರಾಂ ಆಲ್ಕಲಿ ಕ್ಲೀನರ್, 60ರಿಂದ 80 ಡಿಗ್ರಿ, 5ರಿಂದ 10 ನಿಮಿಷ ಸಾಕು. ಡೀಸೆಲ್ ಉಳಿಸಲು ಟ್ಯಾಂಕನ್ನು 45 ಡಿಗ್ರಿಗೆ ಇಳಿಸಿ ಹೊತ್ತು ಹೆಚ್ಚಿಸಿದರೆ ಸಮ ಆಗುವುದಿಲ್ಲ, ಏಕೆಂದರೆ ಗಟ್ಟಿ ಎಣ್ಣೆ ಮತ್ತು ಮೇಣ ಆ ಬಿಸಿಗೆ ಸಡಿಲವೇ ಆಗುವುದಿಲ್ಲ. ಟ್ಯಾಂಕಿನ ಮೇಲೆ ತೇಲುವ ಎಣ್ಣೆಯನ್ನು ಪಾಳಿಗೊಮ್ಮೆ ತೆಗೆಯಿರಿ. ಇಲ್ಲವಾದರೆ ಕೆಳಗೆ ಸ್ವಚ್ಛವಾದ ಭಾಗ ಮೇಲೆ ಬರುವಾಗ ಅದೇ ಎಣ್ಣೆಯನ್ನು ಮೈಗೆ ಬಳಿದುಕೊಂಡು ಬರುತ್ತದೆ. ಕುರುಡು ತೂತಿನೊಳಗಿನ ಎಣ್ಣೆ ಮತ್ತು ಚೂರು ಯಾವ ಕ್ಲೀನರ್‌ಗೂ ಬಗ್ಗುವುದಿಲ್ಲ. ಅದನ್ನು ಮಷಿನ್ ಶಾಪ್‌ನಲ್ಲೇ ಗಾಳಿ ಹೊಡೆದು ತೆಗೆದು ಕಳಿಸಬೇಕು.

ನಮ್ಮ ಸಿ.ಐ. ಕಾಸ್ಟಿಂಗ್ ಮ್ಯಾಲ ಝಿಂಕ್ ಹತ್ತಂಗಿಲ್ಲ, ಅಲ್ಲಲ್ಲಿ ಕಪ್ಪ ಉಳಿತೈತಿ. ಹತ್ತಿದ್ದರ ಮ್ಯಾಲೂ ಎಂಟು ದಿನಕ್ಕ ಕಲಿ ಬೀಳತಾವ. ಯಾಕ?

ಬೆಳಗಾವಿಯಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ಹಾಗಾಗಿ ವಿವರವಾಗಿ ಹೇಳಬೇಕು. ಇಲ್ಲಿ ಮೂರು ಬೇರೆ ಬೇರೆ ಕಾರಣಗಳು ಒಂದರ ಮೇಲೊಂದು ಕೂತಿರುತ್ತವೆ.

ಮೊದಲನೆಯದು ಗ್ರಾಫೈಟ್. ಸಿ.ಐ. ಅಂದರೆ ಎರಕದ ಕಬ್ಬಿಣ. ಅದರ ಸಾಮಾನ್ಯ ಬಗೆಯಾದ ಗ್ರೇ ಐರನ್ ಒಳಗೆ ಇಂಗಾಲ ತೆಳು ಎಸಳುಗಳಾಗಿ ಹರಡಿರುತ್ತದೆ. ಆಲ್ಕಲಿ ಝಿಂಕ್ ಟ್ಯಾಂಕಿನಲ್ಲಿ ಈ ಎಸಳುಗಳ ಮೇಲೆ ಸತು ಕೂರುವುದಕ್ಕಿಂತ ಹೈಡ್ರೋಜನ್ ಹೊರಡುವುದು ಸುಲಭ. ಕರೆಂಟೆಲ್ಲ ಗುಳ್ಳೆಯಾಗಿ ಹೋಗುತ್ತದೆ, ಲೇಪನ ಶುರುವೇ ಆಗುವುದಿಲ್ಲ. ಕರೆಂಟ್ ಹೆಚ್ಚಿಸಿದರೆ ಗುಳ್ಳೆ ಹೆಚ್ಚುತ್ತದೆ, ಅಷ್ಟೇ. ಪರಿಹಾರ ಆಸಿಡ್ ಕ್ಲೋರೈಡ್ ಝಿಂಕ್. ಪಿಎಚ್ 5ರಿಂದ 5.6ರ ನಡುವೆ ಇರುವ ಈ ದ್ರಾವಣದಲ್ಲಿ ಎರಕದ ಮೇಲೂ ಸತು ನೇರವಾಗಿ ಕೂರುತ್ತದೆ. ಒಳಮೂಲೆಗಳಿಗೆ ಆಲ್ಕಲಿ ಝಿಂಕೇ ಬೇಕೆಂದಿದ್ದರೆ ಮೊದಲು ಆಸಿಡ್ ಝಿಂಕ್‌ನಲ್ಲಿ ಮೂರರಿಂದ ಐದು ನಿಮಿಷ ಮೈ ಮುಚ್ಚಿಸಿ, ತೊಳೆದು, ಆಮೇಲೆ ಆಲ್ಕಲಿಗೆ ಹಾಕಿ.

ಎರಡನೆಯದು ಅತಿಯಾದ ಪಿಕ್ಲಿಂಗ್. ತುಕ್ಕು ಹೋಗಲೆಂದು ಕಾಸ್ಟಿಂಗನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಆಸಿಡ್ ಕಬ್ಬಿಣವನ್ನು ತಿನ್ನುತ್ತದೆ, ಗ್ರಾಫೈಟನ್ನು ಮುಟ್ಟುವುದಿಲ್ಲ. ಹೊರಬಂದ ಭಾಗವನ್ನು ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ: ಪೆನ್ಸಿಲ್ ಪುಡಿಯಂಥ ಕಪ್ಪು ಬಟ್ಟೆಗೆ ಹತ್ತಿದರೆ ನೀವು ಸತುವನ್ನು ಕೂರಿಸುತ್ತಿರುವುದು ಕಬ್ಬಿಣದ ಮೇಲಲ್ಲ, ಆ ಪುಡಿಯ ಮೇಲೆ. ಉಗುರಿನಿಂದ ಕೆರೆದರೆ ಎದ್ದು ಬರುತ್ತದೆ. ಕಾಸ್ಟಿಂಗಿನ ತುಕ್ಕು, ಮರಳು ಎರಡನ್ನೂ ಶಾಟ್ ಬ್ಲಾಸ್ಟಿಂಗ್‌ನಿಂದ ತೆಗೆಯಿರಿ. ಆಸಿಡ್ ಬೇಕಿರುವುದು ಮೈ ಎಚ್ಚರಿಸುವುದಕ್ಕೆ ಮಾತ್ರ, ಶೇ 10ರಿಂದ 15ರ ಹೈಡ್ರೋಕ್ಲೋರಿಕ್‌ನಲ್ಲಿ 10ರಿಂದ 20 ಸೆಕೆಂಡ್. ಸುಟ್ಟು ಹತ್ತಿದ ಮರಳನ್ನು ಕರಗಿಸಲು ಕೆಲವರು ಫ್ಲೋರೈಡ್ ಇರುವ ಲವಣ ಬಳಸುತ್ತಾರೆ. ಅದು ಆಸಿಡ್‌ ಜೊತೆ ಸೇರಿದಾಗ ಹುಟ್ಟುವ ಹೈಡ್ರೋಫ್ಲೋರಿಕ್ ಆಸಿಡ್ ಚರ್ಮದ ಮೂಲಕ ಇಳಿದು ಮೂಳೆಯವರೆಗೆ ಹೋಗುತ್ತದೆ, ನೋವು ಗಂಟೆಗಳ ನಂತರ ಶುರುವಾಗುವುದೂ ಉಂಟು. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆ ಸಿಗುವಲ್ಲಿ ಇಲ್ಲದ ಶಾಪ್‌ನಲ್ಲಿ ಆ ಲವಣ ಇರಲೇಬಾರದು.

ಮೂರನೆಯದು ರಂಧ್ರ. ಎಂಟು ದಿನಕ್ಕೆ ಕಲೆ ಏಳುವುದು ಇದರಿಂದಲೇ. ಎರಕದ ಸೂಕ್ಷ್ಮ ತೂತುಗಳಿಗೆ ಟ್ಯಾಂಕಿನ ದ್ರಾವಣ ನುಗ್ಗಿ ಕೂರುತ್ತದೆ. ಮೇಲೆ ಸತು ಮುಚ್ಚಿದರೂ ಒಳಗಿನ ಲವಣ ಗಾಳಿಯ ತೇವ ಹೀರಿ ನಿಧಾನವಾಗಿ ಹೊರಗೆ ಒಸರುತ್ತದೆ. ಮೊದಲು ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ, ನಡುವೆ ಒಂದು ಕಂದು ಬೊಟ್ಟು, ಸುತ್ತ ಉಂಗುರ. ಹೀಗೆ ಕಂಡರೆ ಪ್ಯಾಸಿವೇಶನ್ (ಸತುವಿನ ಮೇಲಿನ ತೆಳು ರಕ್ಷಣಾ ಪದರ) ಬದಲಿಸಿ ಪ್ರಯೋಜನವಿಲ್ಲ. ಪ್ಲೇಟಿಂಗ್ ಆದ ಮೇಲೆ ಬಿಸಿನೀರು-ತಣ್ಣೀರು ಎಂದು ಎರಡು ಮೂರು ಸಲ ಅದಲು ಬದಲಾಗಿ ಅದ್ದಿದರೆ ತೂತಿನೊಳಗಿನ ಗಾಳಿ ಹಿಗ್ಗಿ ಕುಗ್ಗಿ ದ್ರಾವಣವನ್ನು ಹೊರಗೆಳೆಯುತ್ತದೆ. ರಂಧ್ರ ಬಹಳ ಇರುವ ಭಾಗವನ್ನು ಪ್ಲೇಟಿಂಗ್‌ಗೆ ಮುಂಚೆಯೇ ವ್ಯಾಕ್ಯೂಮ್ ಇಂಪ್ರೆಗ್ನೇಶನ್ (ಗಾಳಿ ಎಳೆದು ತೂತುಗಳಿಗೆ ರಾಳ ತುಂಬಿಸುವುದು) ಮಾಡಿಸುವುದು ಉಳಿದ ದಾರಿ. ಫೌಂಡ್ರಿಯಲ್ಲಿ ಗೇಟಿಂಗ್, ಅಂದರೆ ಕರಗಿದ ಲೋಹ ಅಚ್ಚಿಗೆ ಹರಿಯುವ ದಾರಿ, ಸರಿಪಡಿಸುವುದು ಇದಕ್ಕಿಂತ ಅಗ್ಗ.

10 ಮೈಕ್ರಾನ್ ಬರಬೇಕಂದ್ರ ಎಷ್ಟ ಹೊತ್ತ ಇಡಬೇಕ್ರಿ?

ಲೆಕ್ಕ ಸರಳ. ಒಂದು ಚದರ ಡೆಸಿಮೀಟರ್, ಅಂದರೆ 10 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ಮೈಗೆ 1 ಆಂಪಿಯರ್ ಹರಿಸಿದರೆ, ಪೂರ್ಣ ದಕ್ಷತೆಯಲ್ಲಿ ನಿಮಿಷಕ್ಕೆ 0.285 ಮೈಕ್ರಾನ್ ಸತು ಕೂರುತ್ತದೆ. ಆಸಿಡ್ ಝಿಂಕ್‌ನ ದಕ್ಷತೆ ಶೇ 95ರ ಆಸುಪಾಸು. ಜಿಗ್ (ಭಾಗಗಳನ್ನು ತೂಗುಹಾಕುವ ಚೌಕಟ್ಟು) ಮೇಲಿನ ಒಟ್ಟು ಮೈ 40 ಚದರ ಡೆಸಿಮೀಟರ್ ಇದ್ದು 80 ಆಂಪಿಯರ್ ಕೊಟ್ಟರೆ ನಿಮಿಷಕ್ಕೆ ಸುಮಾರು 0.54 ಮೈಕ್ರಾನ್, 10 ಮೈಕ್ರಾನ್‌ಗೆ ಹತ್ತೊಂಬತ್ತು ನಿಮಿಷ. ಸಯನೈಡ್ ಇಲ್ಲದ ಆಲ್ಕಲಿ ಝಿಂಕ್‌ನಲ್ಲಿ ದಕ್ಷತೆ ಶೇ 50ರಿಂದ 80ರ ನಡುವೆ ಏರಿಳಿಯುವುದರಿಂದ ಅದೇ ಹೊತ್ತಿಗೆ ದಪ್ಪ ಕಡಿಮೆ. ಸಣ್ಣ ಭಾಗಗಳನ್ನು ಸುರಿದು ತಿರುಗಿಸುವ ಬ್ಯಾರಲ್‌ನಲ್ಲಿ ಸರಾಸರಿ 0.7 ಆಂಪಿಯರ್ ಹಿಡಿದರೆ 8 ಮೈಕ್ರಾನ್‌ಗೆ ನಲವತ್ತು ನಿಮಿಷಕ್ಕೂ ಮೇಲೆ ಬೇಕು. ಇಪ್ಪತ್ತು ನಿಮಿಷಕ್ಕೆ ಬ್ಯಾರಲ್ ಎತ್ತಿ 8 ಮೈಕ್ರಾನ್ ಎಂದು ಚಲನ್‌ನಲ್ಲಿ ಬರೆದವರ ಮಾತನ್ನು ಗೇಜ್ ಹಾಕದೆ ಒಪ್ಪಬೇಡಿ.

ಇದು ಸರಾಸರಿಯ ಲೆಕ್ಕ. ಕರೆಂಟ್ ಅಂಚಿಗೂ ಮೂಲೆಗೂ ಓಡುತ್ತದೆ, ಒಳಗುಳಿಗೆ ಹೋಗುವುದಿಲ್ಲ. ಆದ್ದರಿಂದ ದಪ್ಪ ಎಲ್ಲಿ ಅಳೆಯಬೇಕೆಂದು ಡ್ರಾಯಿಂಗ್‌ನಲ್ಲೇ ಗುರುತು ಹಾಕಿಸಿ.

ಆಟೆಯ ವಿಚಾರದಲ್ಲಿ ಇನ್ನೂ ಒಂದು ಲೆಕ್ಕ ಬೇಕು. 60 ಡಿಗ್ರಿ ಆಟೆಯಲ್ಲಿ ಲೇಪನದ ದಪ್ಪದ ನಾಲ್ಕು ಪಟ್ಟು ಪಿಚ್ ವ್ಯಾಸ ಬೆಳೆಯುತ್ತದೆ. ಎಂ8, 1.25 ಪಿಚ್, 6ಜಿ ಟಾಲರೆನ್ಸ್‌ನ ಬೋಲ್ಟಿಗೆ ಬಿಟ್ಟಿರುವ ಜಾಗ 28 ಮೈಕ್ರಾನ್. ನಾಲ್ಕರಿಂದ ಭಾಗಿಸಿದರೆ 7 ಮೈಕ್ರಾನ್. ಎಂ10, 1.5 ಪಿಚ್‌ಗೆ 32 ಮೈಕ್ರಾನ್ ಜಾಗ, 8 ಮೈಕ್ರಾನ್ ಲೇಪನ. ಇದಕ್ಕಿಂತ ದಪ್ಪ ಕೇಳಿದರೆ ಆಟೆ ಪರೀಕ್ಷಿಸುವ ಗೋ-ಗೇಜ್ ಹಿಡಿದುಕೊಳ್ಳುವುದು ಪ್ಲೇಟರ್‌ನ ತಪ್ಪಲ್ಲ. ಆಟೆ ಕತ್ತರಿಸುವಾಗಲೇ ಜಾಗ ಬಿಡಬೇಕಿತ್ತು.

ಯೆಲ್ಲೋ ಛಲೋನೋ, ಬ್ಲೂ ಛಲೋನೋ?

ಸತುವಿನ ಮೇಲಿನ ಈ ಬಣ್ಣ ಪೇಂಟ್ ಅಲ್ಲ, ಪ್ಯಾಸಿವೇಶನ್ ಪದರ. ಸತು ತಾನೇ ಬೇಗ ಬೆಳ್ಳಗೆ ತುಕ್ಕು ಹಿಡಿಯದಂತೆ ತಡೆಯುವುದು ಇದರ ಕೆಲಸ. ಹಳೆಯ ಹಳದಿ ಪದರದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಅಮೆರಿಕದ ಮಾನದಂಡವಾದ ಎಎಸ್‌ಟಿಎಂ ಬಿ633ರ ಪ್ರಕಾರ ಬಣ್ಣದ ಕ್ರೋಮೇಟ್ ಸಾಲ್ಟ್ ಸ್ಪ್ರೇ (ಉಪ್ಪುಮಂಜಿನ) ಪರೀಕ್ಷೆಯಲ್ಲಿ 96 ಗಂಟೆ ಬಿಳಿ ತುಕ್ಕಿಲ್ಲದೆ ನಿಲ್ಲಬೇಕು, ಬಣ್ಣವಿಲ್ಲದ್ದಕ್ಕೆ 12 ಗಂಟೆ ಸಾಕು. ಹೆಕ್ಸಾ ಪದರಕ್ಕೆ ಗೀರು ಬಿದ್ದರೂ ತಾನೇ ಮುಚ್ಚಿಕೊಳ್ಳುವ ಗುಣವಿದೆ. ಆದರೆ ಅದು ಕ್ಯಾನ್ಸರ್ ತರುವ ರಾಸಾಯನಿಕ. ಯುರೋಪಿನ ರೋಹ್ಸ್ ನಿಯಮ ವಿದ್ಯುತ್ ಉಪಕರಣಗಳಲ್ಲಿ 2006ರ ಜುಲೈ 1ರಿಂದ ಇದನ್ನು ಶೇ 0.1ಕ್ಕೆ ಮಿತಿಗೊಳಿಸಿತು. ವಾಹನಗಳ ನಿಯಮ 2007ರ ಜುಲೈ 1ರಿಂದ ತುಕ್ಕುತಡೆ ಲೇಪನದಲ್ಲಿ ಇದನ್ನು ನಿಲ್ಲಿಸಿತು. ನಿಮ್ಮ ಭಾಗ ಹೊರದೇಶಕ್ಕೋ ವಾಹನ ಕಂಪನಿಗೋ ಹೋಗುವುದಾದರೆ ಹೆಕ್ಸಾ ಇಲ್ಲದ ಟ್ರೈವೇಲೆಂಟ್ ಕ್ರೋಮಿಯಂ ಪದರ ಬಿಟ್ಟು ಬೇರೆ ದಾರಿ ಇಲ್ಲ. ಬಣ್ಣ ನೋಡಿ ತೀರ್ಮಾನಿಸಬೇಡಿ, ಡೈ ಹಾಕಿದ ಹಳದಿ ಟ್ರೈವೇಲೆಂಟ್ ಕೂಡ ಬರುತ್ತದೆ.

ಟ್ರೈವೇಲೆಂಟ್ ಬ್ಲೂ ಸಾಮಾನ್ಯ ತಾಪಮಾನದಲ್ಲಿ 20-30 ಸೆಕೆಂಡ್, ಪಿಎಚ್ 2ರ ಆಸುಪಾಸು. ದಪ್ಪ ಪದರದ ಟ್ರೈವೇಲೆಂಟ್‌ಗೆ ಸುಮಾರು 60 ಡಿಗ್ರಿ ಬಿಸಿ ಮತ್ತು 40ರಿಂದ 60 ಸೆಕೆಂಡ್ ಬೇಕು. ಬಿಸಿ ಮಾಡದೆ ಹೊತ್ತು ಹೆಚ್ಚಿಸಿದರೆ ಆಸಿಡ್ ಸತುವನ್ನೇ ತಿನ್ನುತ್ತದೆ, ಪದರ ಕೂರುವುದಿಲ್ಲ. ಹೆಕ್ಸಾ ಹಳದಿಯನ್ನು 65 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಒಣಗಿಸಿದರೆ ಪದರದೊಳಗಿನ ನೀರು ಹಾರಿ ಸೂಕ್ಷ್ಮವಾಗಿ ಬಿರಿಯುತ್ತದೆ. ಯಾವುದೇ ಆಗಲಿ, ಮೊದಲ 24 ಗಂಟೆ ಪದರ ಮೆತ್ತಗಿರುತ್ತದೆ. ಬಿಸಿ ಬಿಸಿ ಇರುವಾಗಲೇ ಗೋಣಿಚೀಲಕ್ಕೆ ಸುರಿದು ಟೆಂಪೊಗೆ ಎಸೆದರೆ ಅರ್ಧ ರಕ್ಷಣೆ ಚೀಲದಲ್ಲೇ ಉಳಿಯುತ್ತದೆ.

ಹೈ ಟೆನ್ಸೈಲ್ ಬೋಲ್ಟ್ ಟೈಟ್ ಮಾಡಿ ಬಂದ್ವಿ, ಮರುದಿನ ತಲಿ ಹಾರಿ ಬಿದ್ದಿತ್ತು. ಪ್ಲೇಟಿಂಗಿಂದ ಹಿಂಗ ಆಗತೈತಿ ಏನ್ರಿ?

ಆಗುತ್ತದೆ. ಪಿಕ್ಲಿಂಗ್‌ನಲ್ಲೂ ಪ್ಲೇಟಿಂಗ್‌ನಲ್ಲೂ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ನುಗ್ಗಿ, ಬಿಗಿತ ಬಿದ್ದಾಗ ಅದನ್ನು ಗಾಜಿನಂತೆ ಮುರಿಯುತ್ತದೆ. ಟೈಟ್ ಮಾಡಿದ ಕೂಡಲೇ ಅಲ್ಲ, ಕೆಲವು ಗಂಟೆಗಳಿಂದ ಕೆಲವು ದಿನಗಳ ನಂತರ. 12.9 ದರ್ಜೆಯ ಬೋಲ್ಟು, ಸ್ಪ್ರಿಂಗು, ಸರ್ಕ್ಲಿಪ್, ಕೇಸ್ ಹಾರ್ಡನ್ ಮಾಡಿದ ಭಾಗಗಳಿಗೆ ಈ ಅಪಾಯ ಹೆಚ್ಚು. ಪ್ಲೇಟಿಂಗ್ ಮುಗಿದ ನಾಲ್ಕು ಗಂಟೆಯೊಳಗೆ 190ರಿಂದ 220 ಡಿಗ್ರಿಯ ಓವನ್‌ನಲ್ಲಿ ಕನಿಷ್ಠ ನಾಲ್ಕು ಗಂಟೆ ಬೇಕಿಂಗ್ ಮಾಡಬೇಕು, ಬಹಳ ಗಟ್ಟಿ ಉಕ್ಕಿಗೆ ಇನ್ನೂ ಹೆಚ್ಚು. ಪ್ಯಾಸಿವೇಶನ್ ಬೇಕಿಂಗ್ ಆದ ಮೇಲೆಯೇ. ಮೊದಲೇ ಮಾಡಿದರೆ ಓವನ್‌ನಲ್ಲಿ ಆ ಪದರ ಹಾಳಾಗುತ್ತದೆ.

ನಮ್ಮ ಖಚಿತ ಸಲಹೆ: 12.9 ಬೋಲ್ಟಿಗೆ ಎಲೆಕ್ಟ್ರೋಪ್ಲೇಟಿಂಗ್ ಬೇಡವೇ ಬೇಡ. ಸತುವಿನ ಚಕ್ಕೆ ಕಲೆಸಿದ ಝಿಂಕ್ ಫ್ಲೇಕ್ ಲೇಪನ ಮಾಡಿಸಿ. ಅದರಲ್ಲಿ ಶಾಟ್ ಬ್ಲಾಸ್ಟ್ ಮಾಡಿ ಅದ್ದಿ ಬೇಯಿಸುತ್ತಾರೆ, ಆಸಿಡ್ಡೂ ಇಲ್ಲ ಕರೆಂಟೂ ಇಲ್ಲ, ಹೈಡ್ರೋಜನ್ ಹುಟ್ಟುವ ಜಾಗವೇ ಇಲ್ಲ.

ಸಾಲ್ಟ್ ಸ್ಪ್ರೇದಾಗ 200 ತಾಸು ಪಾಸ್ ಆದ್ರ ಹೊರಗ ಎಷ್ಟು ವರ್ಷ ಬರತೈತಿ?

ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ಎಎಸ್‌ಟಿಎಂ ಬಿ117ರಲ್ಲಿ ಶೇ 5ರ ಉಪ್ಪುನೀರನ್ನು 35 ಡಿಗ್ರಿಯಲ್ಲಿ ಬಿಡದೆ ಮಂಜಿನಂತೆ ಹಾಯಿಸುತ್ತಾರೆ. ಬೆಳಗಾವಿಯ ಮಳೆಯಾಗಲಿ ವಿಜಯಪುರದ ಬಿಸಿಲಾಗಲಿ ಹಾಗಿರುವುದಿಲ್ಲ. ಈ ಪರೀಕ್ಷೆಯ ಉಪಯೋಗ ಒಂದೇ: ಹೋದ ತಿಂಗಳ ಲಾಟಿಗೂ ಈ ತಿಂಗಳ ಲಾಟಿಗೂ ವ್ಯತ್ಯಾಸ ಬಂತೇ ಎಂದು ಹಿಡಿಯುವುದು. ವರದಿಯಲ್ಲಿ ಬಿಳಿ ತುಕ್ಕಿಗೆ ಎಷ್ಟು ಗಂಟೆ, ಕೆಂಪು ತುಕ್ಕಿಗೆ ಎಷ್ಟು ಗಂಟೆ ಎಂದು ಬೇರೆ ಬೇರೆ ಬರೆಸಿ.

ಮಳಿಗಾಲದಾಗ ಫಾಸ್ಫೇಟಿಂಗ್ ಮಾಡಿದ ಶೀಟ್ ಕೆಂಪ ಆಗತಾವ. ಬ್ಯಾಸಿಗ್ಯಾಗ ಏನೂ ಆಗೂದಿಲ್ಲ.

ಫಾಸ್ಫೇಟಿಂಗ್ ಎಂದರೆ ಪೇಂಟ್ ಚೆನ್ನಾಗಿ ಹಿಡಿಯಲೆಂದು ಶೀಟಿನ ಮೇಲೆ ಫಾಸ್ಫೇಟ್ ಹರಳಿನ ಪದರ ಕೂರಿಸುವುದು. ಅದರ ಸೆವೆನ್ ಟ್ಯಾಂಕ್ ಲೈನಿನಲ್ಲಿ ಡಿಗ್ರೀಸಿಂಗ್, ನೀರು, ಡಿರಸ್ಟಿಂಗ್, ನೀರು, ಫಾಸ್ಫೇಟಿಂಗ್, ನೀರು, ಪ್ಯಾಸಿವೇಶನ್ ಎಂದು ಸಾಲು. ಶೀಟ್ ಕೆಂಪಾಗುವುದು ಹೆಚ್ಚಾಗಿ ಡಿರಸ್ಟಿಂಗ್ ಮತ್ತು ಫಾಸ್ಫೇಟಿಂಗ್ ನಡುವಿನ ತೊಳೆಯುವ ಟ್ಯಾಂಕಿನಲ್ಲೇ. ಅಲ್ಲಿ ಆಸಿಡ್ ಸೇರಿ ಸೇರಿ ಪಿಎಚ್ ಇಳಿದಿರುತ್ತದೆ. ಬೇಸಿಗೆಯಲ್ಲೂ ಇದೇ ತಪ್ಪು ನಡೆದಿರುತ್ತದೆ, ಆದರೆ ಒಣಗಾಳಿ ಅದನ್ನು ಮುಚ್ಚಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯೇ ಒದ್ದೆಯಾದ್ದರಿಂದ ಬಯಲಾಗುತ್ತದೆ. ಆ ಟ್ಯಾಂಕಿನ ನೀರನ್ನು ಹರಿಯುವಂತೆ ಬಿಡಿ, ಪಿಎಚ್ ಪೇಪರ್ ಅದ್ದಿ ನೋಡಿ, ಕ್ರೇನಿನ ಮೇಲೆ ಬುಟ್ಟಿಯನ್ನು ತೂಗಿಸಿಟ್ಟು ಚಹಾಕ್ಕೆ ಹೋಗಬೇಡಿ.

ಇನ್ನೊಂದು ಕಾರಣ ಟೋನರ್, ಅಂದರೆ ಪದರ ಬೇಗ ಕೂರಲು ಹಾಕುವ ನೈಟ್ರೈಟ್. ಫಾಸ್ಫೇಟಿಂಗ್ ಟ್ಯಾಂಕಿನ ನೈಟ್ರೈಟ್ ಬಳಸದಿದ್ದರೂ ಕರಗಿ ಹೋಗುತ್ತಿರುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಪಾಯಿಂಟ್ ಸೊನ್ನೆಗೆ ಬಂದಿರುತ್ತದೆ. ಆಗ ಹರಳು ಒರಟಾಗಿ, ಅಲ್ಲಲ್ಲಿ ಬೋಳಾಗಿ ಕೂರುತ್ತದೆ. ಸಲ್ಫಾಮಿಕ್ ಆಸಿಡ್ ಹಾಕಿ ಗ್ಯಾಸ್ ಅಳೆಯುವ ಗಾಜಿನ ಕೊಳವೆಯಲ್ಲಿ ಪಾಳಿ ಶುರುವಾದಾಗ, ಆಮೇಲೆ ಎರಡು ಗಂಟೆಗೊಮ್ಮೆ ನೋಡಿ 2ರಿಂದ 4 ಪಾಯಿಂಟ್‌ನಲ್ಲಿ ಇಟ್ಟುಕೊಳ್ಳಿ. ಫ್ರೀ ಆಸಿಡ್, ಟೋಟಲ್ ಆಸಿಡ್ ಎರಡನ್ನೂ 10 ಮಿ.ಲೀ. ಮಾದರಿ ತೆಗೆದು 0.1 ನಾರ್ಮಲ್ ಕಾಸ್ಟಿಕ್‌ನಿಂದ ಟೈಟ್ರೇಟ್ ಮಾಡಿ, ಕೆಮಿಕಲ್ ಕೊಟ್ಟವರ ಪಟ್ಟಿಗೆ ಹೋಲಿಸಿ. ಫ್ರೀ ಆಸಿಡ್ ಏರಿದರೆ ಪದರ ಕೂರದೆ ಶೀಟ್ ಕರಗುತ್ತದೆ, ಇಳಿದರೆ ಫಾಸ್ಫೇಟ್ ಶೀಟಿಗೆ ಹತ್ತುವ ಬದಲು ಕೆಸರಾಗಿ ತಳಕ್ಕೆ ಹೋಗುತ್ತದೆ.

ಪೇಂಟಿನ ಕೆಳಗೆ ಪದರ ತೆಳ್ಳಗೆ, ಒತ್ತಾಗಿ ಇರಬೇಕು, ಚದರ ಮೀಟರಿಗೆ 1.5ರಿಂದ 4.5 ಗ್ರಾಂ ಸಾಕು. ದಪ್ಪ ಇದ್ದಷ್ಟೂ ಒಳ್ಳೆಯದೆಂದು ಒರಟು ಬೂದಿಯಂಥ ಪದರ ಕೂರಿಸಿದರೆ ಪೌಡರ್ ಅದರ ಸಮೇತ ಎದ್ದು ಬರುತ್ತದೆ.

ಕಾಸ್ಟಿಂಗ್ ಮ್ಯಾಲ ಪೌಡರ್ ಕೋಟಿಂಗ್ ಮಾಡಿದ್ರ ಗುಳ್ಳಿ ಏಳತಾವ.

ಝಿಂಕ್‌ನಲ್ಲಿ ಹೇಳಿದ ಅದೇ ರಂಧ್ರ. ಓವನ್‌ನಲ್ಲಿ ಪೌಡರ್ ಕರಗಿ ಹರಿಯುವ ಹೊತ್ತಿಗೆ ಎರಕದೊಳಗಿನ ಗಾಳಿ, ತೇವ, ಎಣ್ಣೆ ಬಿಸಿಯಾಗಿ ಹೊರಗೆ ನುಗ್ಗುತ್ತವೆ. ಪೌಡರ್ ಗಟ್ಟಿಯಾದಾಗ ಸೂಜಿ ಚುಚ್ಚಿದಂಥ ತೂತು ಉಳಿಯುತ್ತದೆ. ಕೋಟಿಂಗ್‌ಗೆ ಮುಂಚೆ ಭಾಗವನ್ನು ಕ್ಯೂರಿಂಗ್ ತಾಪಮಾನಕ್ಕಿಂತ 20-30 ಡಿಗ್ರಿ ಹೆಚ್ಚಿಗೆ, ಅಂದರೆ 220-230 ಡಿಗ್ರಿಗೆ, ಇಪ್ಪತ್ತರಿಂದ ಮೂವತ್ತು ನಿಮಿಷ ಕಾಯಿಸಿ, ಆರಿಸಿ, ಆಮೇಲೆ ಪೌಡರ್ ಹೊಡೆಯಿರಿ. ಗ್ಯಾಸ್ ಬಿಡಲು ಅವಕಾಶ ಕೊಡುವ ಪೌಡರ್ ಕೂಡ ಸಿಗುತ್ತದೆ. ದಪ್ಪ 60ರಿಂದ 80 ಮೈಕ್ರಾನ್ ದಾಟಿಸಬೇಡಿ, ದಪ್ಪ ಪದರದಿಂದ ಗ್ಯಾಸ್ ಹೊರಬರುವುದು ಇನ್ನೂ ಕಷ್ಟ.

ಒಳಮೂಲೆಗೆ ಪೌಡರ್ ಹೋಗದಿದ್ದರೆ ಗನ್ನಿನ ಕಿಲೋವೋಲ್ಟ್ ಹೆಚ್ಚಿಸಬೇಡಿ, ಇಳಿಸಿ. ಹೆಚ್ಚಿದಷ್ಟೂ ಪೌಡರ್ ಅಂಚಿಗೇ ಅಂಟುತ್ತದೆ. ಮೂಲೆಗಳನ್ನು ಮೊದಲು ಹೊಡೆದು, ಬಯಲು ಭಾಗವನ್ನು ಆಮೇಲೆ ಮಾಡಿ.

ಕ್ಯೂರಿಂಗ್ ಬಗ್ಗೆ: ಪೌಡರ್ ಡಬ್ಬಿಯ ಮೇಲೆ 200 ಡಿಗ್ರಿ 10 ನಿಮಿಷ ಎಂದಿದ್ದರೆ ಅದು ಲೋಹ ಬಿಸಿಯಾದ ಮೇಲಿನ ಹತ್ತು ನಿಮಿಷ, ಓವನ್‌ನ ಮೀಟರ್ ತೋರಿಸುವ ಹತ್ತು ನಿಮಿಷವಲ್ಲ. ಒಂದು ಮಿ.ಮೀ. ಶೀಟ್ ಬೇಗ ಬಿಸಿಯಾಗುತ್ತದೆ, ಹದಿನೈದು ಕಿಲೋದ ಪಂಪ್ ಕೇಸಿಂಗ್ ಆಗುವುದಿಲ್ಲ. ಎರಡನ್ನೂ ಒಂದೇ ಲೋಡಿನಲ್ಲಿ ಹಾಕಿದರೆ ಒಂದು ಹಳದಿಗಟ್ಟುತ್ತದೆ, ಇಲ್ಲವೇ ಇನ್ನೊಂದು ಹಸಿಯಾಗಿ ಉಳಿಯುತ್ತದೆ. ಇನ್ನು ವಿಜಯಪುರ, ಬಾಗಲಕೋಟೆ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನಲ್ಲಿಟ್ಟ ಪೌಡರ್ ಗಂಟುಗಟ್ಟಿ ಗನ್ನಿನಲ್ಲಿ ಉಗುಳುತ್ತದೆ. ಡಬ್ಬಿಗಳಿಗೆ 30 ಡಿಗ್ರಿಯೊಳಗಿನ ತಂಪು ಕೋಣೆ ಬೇಕು.

ಹೈಡ್ರಾಲಿಕ್ ಸಿಲಿಂಡರ್ ರಾಡಿಗೆ ಹಾರ್ಡ್ ಕ್ರೋಮ್ ಮಾಡಿಸಿದ್ರೂ ಸೀಲ್ ಲೀಕ್ ಆಗತೈತಿ.

ಹಾರ್ಡ್ ಕ್ರೋಮ್ ಕೆಳಗಿನ ಮೈಯನ್ನು ಸಮ ಮಾಡುವುದಿಲ್ಲ, ಇದ್ದ ಗೀರು-ಗುಳಿಗಳನ್ನು ಇನ್ನಷ್ಟು ಎದ್ದು ಕಾಣಿಸುತ್ತದೆ. ರಾಡಿನ ಗ್ರೈಂಡಿಂಗ್ ಒರಟಿದ್ದರೆ ಕ್ರೋಮಿನ ಮೇಲೆ ಎಷ್ಟು ಪಾಲಿಶ್ ಮಾಡಿದರೂ ಸೂಕ್ಷ್ಮ ಕಾಲುವೆಗಳು ಉಳಿದು ಎಣ್ಣೆ ಅವುಗಳ ಮೂಲಕ ದಾಟುತ್ತದೆ. ಕ್ರೋಮಿಗೆ ಹೋಗುವ ಮುಂಚೆಯೇ ಮೈ ನುಣುಪಾಗಿರಬೇಕು, ಮುಗಿದ ಮೇಲೆ ಆರ್‌ಎ (ಮೈಯ ಒರಟುತನದ ಅಳತೆ) 0.2 ಮೈಕ್ರಾನ್ ಒಳಗೆ, ಕ್ರೋಮಿನ ದಪ್ಪ 20-25 ಮೈಕ್ರಾನ್.

ಟ್ಯಾಂಕಿನಲ್ಲಿ ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಸಿಡ್, 2.5 ಗ್ರಾಂ ಸಲ್ಫೇಟ್. ನೂರಕ್ಕೊಂದು ಎಂಬ ಈ ಅನುಪಾತವೇ ಎಲ್ಲದರ ಬುನಾದಿ. 50ರಿಂದ 55 ಡಿಗ್ರಿ, ಚದರ ಡೆಸಿಮೀಟರಿಗೆ 40 ಆಂಪಿಯರ್ ಇದ್ದರೆ ಗಂಟೆಗೆ 20-25 ಮೈಕ್ರಾನ್. ಕರೆಂಟಿನ ಶೇ 85ಕ್ಕೂ ಹೆಚ್ಚು ಪಾಲು ಹೈಡ್ರೋಜನ್ ಗುಳ್ಳೆಗೇ ಹೋಗುತ್ತದೆ, ಹಾಗಾಗಿ ಗಟ್ಟಿ ರಾಡಿಗೆ ಇಲ್ಲೂ ಬೇಕಿಂಗ್ ಬೇಕು. ನಡುವೆ ಒಂದು ಕ್ಷಣ ಕರೆಂಟ್ ಹೋದರೂ ಮೇಲಿನ ಕ್ರೋಮ್ ಕೆಳಗಿನ ಕ್ರೋಮಿಗೆ ಹತ್ತುವುದಿಲ್ಲ, ಈರುಳ್ಳಿ ಸಿಪ್ಪೆಯಂತೆ ಬಿಡುತ್ತದೆ. ಇನ್‌ವರ್ಟರ್ ಇಲ್ಲದ ಶಾಪ್‌ನಲ್ಲಿ ಲೋಡ್‌ಶೆಡ್ಡಿಂಗ್ ದಿನ ಉದ್ದದ ರಾಡು ಹಾಕಬೇಡಿ. ಟ್ಯಾಂಕ್ ಕಟ್ಟಲು ಬೋರ್ ನೀರು ಬೇಡ. ಅದರ ಕ್ಲೋರೈಡ್ ರಾಡಿನ ಮುಚ್ಚದ ಭಾಗವನ್ನು ಕೊರೆಯುತ್ತದೆ. ಟ್ಯಾಂಕಿನ ಅಂಚಿನ ಎಗ್ಸಾಸ್ಟ್ ಓಡದಿದ್ದರೆ ಕೆಲಸ ಶುರು ಮಾಡಲೇಬೇಡಿ. ಆ ಹಳದಿ ಮಂಜು ಮೂಗಿನೊಳಗಿನ ಗೋಡೆಯನ್ನು ತೂತು ಮಾಡುತ್ತದೆ.

ಬ್ಲ್ಯಾಕೊಡೈಸಿಂಗ್ ತುಕ್ಕು ತಡಿತೈತಿ ಏನ್ರಿ?

ತಾನೊಂದೇ ತಡೆಯುವುದಿಲ್ಲ. 135ರಿಂದ 145 ಡಿಗ್ರಿಯ ಕಾಸ್ಟಿಕ್ ಲವಣದಲ್ಲಿ ಹುಟ್ಟುವ ಕಪ್ಪು ಐರನ್ ಆಕ್ಸೈಡ್ ಒಂದು ಮೈಕ್ರಾನ್ ಆಸುಪಾಸಿನದು. ಅಳತೆ ಬದಲಾಗುವುದಿಲ್ಲ ಎಂಬುದೇ ಅದರ ಲಾಭ. ತುಕ್ಕು ತಡೆಯುವುದು ಅದು ಹೀರಿಕೊಂಡ ಎಣ್ಣೆ. ಕುದಿಯುವ ಟ್ಯಾಂಕಿಗೆ ನೀರು ಸುರಿದರೆ ಸಿಡಿದು ಮುಖಕ್ಕೆ ಬರುತ್ತದೆ, ಆರಿಸಿಯೇ ನಿಧಾನವಾಗಿ ಹಾಕಿ. ಅಲ್ಯೂಮಿನಿಯಂ ಚೂರೂ ಒಳಗೆ ಬೀಳಬಾರದು.

ಅಲ್ಯೂಮಿನಿಯಂ ಆನೋಡೈಸಿಂಗ್‌ದಾಗ ಒಂದೇ ಲಾಟಿನ ಬಣ್ಣ ಬ್ಯಾರೆ ಬ್ಯಾರೆ ಬರತೈತಿ.

ಆನೋಡೈಸಿಂಗ್ ಎಂದರೆ ಕರೆಂಟಿನಿಂದ ಅಲ್ಯೂಮಿನಿಯಂ ಮೇಲೆ ಅದರದೇ ಆಕ್ಸೈಡ್ ಪದರ ಬೆಳೆಸುವುದು. ಮೊದಲು ಅಲಾಯ್ (ಮಿಶ್ರಲೋಹ) ಒಂದೇ ಇದೆಯೇ ನೋಡಿ. 6061 ಚೆನ್ನಾಗಿ ಬರುತ್ತದೆ. ಸಿಲಿಕಾನ್ ಹೆಚ್ಚಿರುವ ಎಡಿಸಿ12ರಂಥ ಡೈಕಾಸ್ಟಿಂಗ್ ಬೂದುಬೂದಾಗುತ್ತದೆ, ಏನು ಮಾಡಿದರೂ ಗಾಢ ಬಣ್ಣ ಸಮವಾಗಿ ಹಿಡಿಯುವುದಿಲ್ಲ. ಅದಕ್ಕೆ ಪೌಡರ್ ಕೋಟಿಂಗೇ ಸರಿ. ಲೀಟರಿಗೆ 150-200 ಗ್ರಾಂ ಸಲ್ಫ್ಯೂರಿಕ್, 18-22 ಡಿಗ್ರಿ, 1.5 ಆಂಪಿಯರ್‌ಗೆ 20 ಮೈಕ್ರಾನ್ ಬರಲು ಮುಕ್ಕಾಲು ಗಂಟೆ. ಚಿಲ್ಲರ್ ಇಲ್ಲದೆ ಏಪ್ರಿಲ್‌ನಲ್ಲಿ ಟ್ಯಾಂಕ್ 28 ಡಿಗ್ರಿಗೆ ಏರಿದರೆ ಪದರ ಮೆತ್ತಗಾಗಿ ಬೆರಳಿಗೆ ಪುಡಿ ಹತ್ತುತ್ತದೆ. ಹಾರ್ಡ್ ಆನೋಡೈಸಿಂಗ್‌ನಲ್ಲಿ 50 ಮೈಕ್ರಾನ್ ಪದರದ ಅರ್ಧ ಒಳಗೆ, ಅರ್ಧ ಹೊರಗೆ ಬೆಳೆಯುತ್ತದೆ. ಬೋರಿನ ವ್ಯಾಸ 50 ಮೈಕ್ರಾನ್ ಕಿರಿದಾಗುತ್ತದೆಂದು ಮೊದಲೇ ಲೆಕ್ಕ ಹಿಡಿಯಿರಿ. ಹತ್ತರಗಿಯ ವಿಮಾನ ಬಿಡಿಭಾಗಗಳ ಕೆಲಸಕ್ಕೆ ಸಾಮಾನ್ಯ ಜಾಬ್ ಶಾಪ್ ನಡೆಯುವುದಿಲ್ಲ, ರಾಸಾಯನಿಕ ಸಂಸ್ಕರಣೆಗೆ ನ್ಯಾಡ್‌ಕ್ಯಾಪ್ ಮಾನ್ಯತೆ ಕೇಳುತ್ತಾರೆ.

ಬೋರ್ ನೀರಾಗ ತೊಳದ್ರ ನಡಿತೈತೇನು?

ಮೊದಲ ತೊಳೆತಗಳಿಗೆ ನಡೆಯುತ್ತದೆ, ಕೊನೆಯದಕ್ಕೆ ನಡೆಯುವುದಿಲ್ಲ. ಗಡಸು ನೀರು ಒಣಗಿದ ಮೇಲೆ ಉಳಿಯುವ ಲವಣ ಪೌಡರ್ ಕೆಳಗೆ ಸೇರಿ ತೇವ ಎಳೆದು ಬೊಬ್ಬೆ ಎಬ್ಬಿಸುತ್ತದೆ. ಕೊನೆಯ ತೊಳೆತಕ್ಕೆ ಲವಣ ತೆಗೆದ ಡಿಎಂ ನೀರು, ಕಂಡಕ್ಟಿವಿಟಿ 50 ಮೈಕ್ರೋಸೀಮೆನ್ಸ್ ಒಳಗೆ.

ನೀರು ಉಳಿಸಲು ತೊಳೆಯುವ ಟ್ಯಾಂಕನ್ನು ಎರಡು-ಮೂರಾಗಿ ಮಾಡುವುದೇ ಉಪಾಯ. ಭಾಗದ ಜೊತೆ ಬರುವ ಒಂದು ಲೀಟರ್ ದ್ರಾವಣವನ್ನು ಸಾವಿರ ಪಟ್ಟು ತೆಳು ಮಾಡಲು ಒಂದೇ ಟ್ಯಾಂಕಿನಲ್ಲಿ 1,000 ಲೀಟರ್ ಬೇಕು. ಎರಡು ಟ್ಯಾಂಕ್ ಇಟ್ಟು ಭಾಗ ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ ಹರಿದರೆ ಸುಮಾರು 32 ಲೀಟರ್ ಸಾಕು. ಮೂರಿದ್ದರೆ 10. ಟ್ಯಾಂಕರ್ ನೀರು ಕೊಳ್ಳುವವರಿಗೆ ಒಂದು ಹೆಚ್ಚಿನ ಟ್ಯಾಂಕಿನ ಖರ್ಚು ಬೇಗ ತೀರುತ್ತದೆ.

ಹಳೇ ಕ್ರೋಮ್ ನೀರು ಗಟಾರಕ್ಕ ಬಿಟ್ರ ಏನಾಗತೈತಿ?

ಬಿಡಬಾರದು. ಅದು ನಿಮ್ಮ ಓಣಿಯ ಬಾವಿಗೇ ಇಳಿಯುತ್ತದೆ, ಇಳಿದ ಮೇಲೆ ತೆಗೆಯುವುದು ಬಹಳ ಕಷ್ಟ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ನಿಯಮದ ಮಿತಿ ಲೀಟರಿಗೆ 0.1 ಮಿ.ಗ್ರಾಂ, ಒಟ್ಟು ಕ್ರೋಮಿಯಂಗೆ 2, ಸತುವಿಗೆ 5.

ಕ್ರಮ ಹೀಗೆ. ಸಲ್ಫ್ಯೂರಿಕ್ ಹಾಕಿ ಪಿಎಚ್ ಅನ್ನು 2ರಿಂದ 3ಕ್ಕೆ ಇಳಿಸಿ. ಒಂದು ಗ್ರಾಂ ಕ್ರೋಮಿಯಂಗೆ ಮೂರರಿಂದ ನಾಲ್ಕು ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಸೇರಿಸಿ ಕಲಕಿ. ಹಳದಿ ಪೂರ್ತಿ ಹೋಗಿ ಹಸಿರಾಗಬೇಕು. ಪಿಎಚ್ 5ರಲ್ಲೇ ಹಾಕಿದರೆ ಎಷ್ಟು ಸುರಿದರೂ ಬಣ್ಣ ಬೇಗ ಬದಲಾಗುವುದಿಲ್ಲ, ಎಷ್ಟೋ ಜನ ಎಡವುವುದು ಇಲ್ಲೇ. ಆಮೇಲೆ ಸುಣ್ಣದಿಂದ ಪಿಎಚ್ 8.5-9ಕ್ಕೆ ಏರಿಸಿ, ಕೆಸರು ಕೂತ ಮೇಲೆ ಸೋಸಿ, ಮೇಲಿನ ನೀರನ್ನು ಬಿಡುವ ಮುನ್ನ ಪಿಎಚ್ 9 ದಾಟಿಲ್ಲವೆಂದು ನೋಡಿಕೊಳ್ಳಿ. ಆ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ಸಯನೈಡ್ ಇರುವ ನೀರಿನ ಗುಂಡಿಯನ್ನು ಇದರಿಂದ ದೂರ, ಬೇರೆ ಗಟಾರದಲ್ಲಿ ಇಡಿ. ಆಸಿಡ್ ಅದಕ್ಕೆ ಸೇರಿದರೆ ಏಳುವ ಗ್ಯಾಸ್ ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು.

ಸಕ್ಕರೆ ಫ್ಯಾಕ್ಟರಿ ಮಿಲ್ ರೋಲರ್‌ಗೆ ಪ್ಲೇಟಿಂಗ್ ಮಾಡಬಹುದಾ?

ಕಬ್ಬಿನ ರಸ ಹುಳಿ, ಜೊತೆಗೆ ಮಣ್ಣು ಮರಳಿನ ಉಜ್ಜಾಟ. ಹತ್ತಿಪ್ಪತ್ತು ಮೈಕ್ರಾನ್ ಒಂದು ಹಂಗಾಮು ದಾಟುವುದಿಲ್ಲ. ಅಲ್ಲಿ ಬೇಕಿರುವುದು ವೆಲ್ಡಿಂಗ್‌ನಿಂದ ಮಿ.ಮೀ. ಲೆಕ್ಕದಲ್ಲಿ ಕೂರಿಸುವ ಹಾರ್ಡ್‌ಫೇಸಿಂಗ್. ಹಲ್ಲಿನ ಮೇಲೆ ರೋಲರ್ ತಿರುಗುತ್ತಿರುವಾಗಲೇ ಹನಿಹನಿಯಾಗಿ ಕೂರಿಸುವ ಒರಟು ಲೋಹ ಕಬ್ಬನ್ನು ಹಿಡಿದೆಳೆಯಲೂ ಬೇಕು.

ಜಾಬ್ ವರ್ಕಿಗೆ ಕಳಸುವಾಗ ಚಲನ್‌ದಾಗ ಏನೇನ ಬರೀಬೇಕು?

"ಝಿಂಕ್ ಯೆಲ್ಲೋ" ಎಂದಷ್ಟೇ ಬರೆದರೆ ಬಂದದ್ದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮೂಲ ಲೋಹ ಯಾವುದು, ಗಡಸುತನ ಎಷ್ಟು, ಲೇಪನ ಯಾವುದು, ಕನಿಷ್ಠ ಎಷ್ಟು ಮೈಕ್ರಾನ್ ಮತ್ತು ಅದನ್ನು ಭಾಗದ ಯಾವ ಜಾಗದಲ್ಲಿ ಅಳೆಯಬೇಕು, ಹೆಕ್ಸಾನೋ ಟ್ರೈವೇಲೆಂಟೋ, ಬೇಕಿಂಗ್ ಬೇಕೋ ಬೇಡವೋ, ಸಾಲ್ಟ್ ಸ್ಪ್ರೇಯಲ್ಲಿ ಬಿಳಿ ಮತ್ತು ಕೆಂಪು ತುಕ್ಕಿಗೆ ಎಷ್ಟೆಷ್ಟು ಗಂಟೆ, ಎಲ್ಲಿ ಲೇಪನ ಬರಬಾರದು: ಇಷ್ಟೂ ಇರಲಿ. ಜಿಗ್ ಹಿಡಿಯುವ ಜಾಗವನ್ನೂ ನೀವೇ ಗುರುತಿಸಿ, ಏಕೆಂದರೆ ಅಲ್ಲಿ ಲೇಪನ ಬರುವುದಿಲ್ಲ. ಭಾಗಗಳ ಮೇಲೆ ರಸ್ಟ್ ಪ್ರಿವೆಂಟಿವ್ ಆಯಿಲ್ ಬಳಿದಿದ್ದರೆ ಅದರ ಹೆಸರನ್ನೂ ಬರೆಯಿರಿ, ಮೇಣದ ಅಂಶ ಇರುವುದಕ್ಕೆ ಡಿಗ್ರೀಸಿಂಗ್ ಟ್ಯಾಂಕಿನ ಬಿಸಿ ಬದಲಿಸಬೇಕಾಗುತ್ತದೆ. ಲಾಟಿನಿಂದ ನಾಲ್ಕು ಭಾಗ ಲೇಪನವಿಲ್ಲದೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಆಟೆ ಹಿಡಿದುಕೊಂಡರೆ ಅದು ಮಷಿನಿಂಗ್‌ನದೋ ಪ್ಲೇಟಿಂಗ್‌ನದೋ ಎಂಬ ಜಗಳ ಅವುಗಳಿಗೆ ಗೇಜ್ ಹಾಕಿದರೆ ಐದು ನಿಮಿಷದಲ್ಲಿ ಬಗೆಹರಿಯುತ್ತದೆ.